ಅವ್ವನ ತಂಬಿಗೆ, ಅಕ್ಕನ ಗುಳಿಗೆ

ಇವತ್ತು ಬೆಳಿಗ್ಗೆ ರಕ್ತದೊತ್ತಡದ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಅದನ್ನು ನುಂಗದಿರಲು ಒಂದು ಒಳ್ಳೆಯ ಕಾರಣ ಹುಡುಕುತ್ತಿದ್ದೆ. ತಲೆಸುತ್ತು ನಿಂತು ಎಷ್ಟೋ ದಿನವಾಯಿತು, ಆರಾಮಾಗಿರುವವಳಿಗೆ ಔಷಧವೇಕೆ? ನೀವೂ ಹೀಗೆ ವಾದಿಸಿರುತ್ತೀರಿ, ಇಲ್ಲವೆನ್ನಬೇಡಿ. ಅಷ್ಟರಲ್ಲಿ ಕೈಗೆ ಸಿಕ್ಕಿದ್ದು ಅವ್ವನ ತಾಮ್ರದ ತಂಬಿಗೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಗೊರೇಬಾಳದ ನಮ್ಮ ಹಳೆಯ ಪಡಸಾಲೆಗೆ ಓಡಿತು.

ಊರಿಗೆ ಕಾಲುವೆ ನೀರು ಬಂದ ಹೊಸತು. ತಲೆತಲಾಂತರದಿಂದ ಜೋಳ ಬೆಳೆದ ಅಪ್ಪ ಭತ್ತಕ್ಕೆ ಕೈಹಾಕಿದ್ದ. ಪೈರು ಹಸಿರಾಗಿ ನಿಂತದ್ದೇ, ‘ಸಾಕಿನ್ನ, ಬೆಳಿ ಕೈಗೆ ಬಂತು’ ಎಂದು ಗದ್ದೆಗೆ ನೀರು ಬರುವ ಮಡೆ ಮುಚ್ಚಿ ಅದನ್ನು ಪಕ್ಕದ ಹೊಲಕ್ಕೆ ಬಿಟ್ಟುಕೊಟ್ಟ. ಜೋಳಕ್ಕೆ ಅದು ನಡೆದೀತು. ಭತ್ತಕ್ಕೆ ತೆನೆ ಹೊರಡುವಾಗಲೇ ನೀರು ಬೇಕು. ಆ ಸುಗ್ಗಿಯಲ್ಲಿ ನಮ್ಮ ಕಣದ ತುಂಬ ಜೊಳ್ಳು. ಭತ್ತ ಬೆಳೆಯಲೆಂದೇ ಆಂಧ್ರದಿಂದ ಬಂದು ಕ್ಯಾಂಪು ಹಾಕಿದ್ದವರು ತೆಲುಗಿನಲ್ಲಿ ನಕ್ಕರು, ನಮ್ಮವರು ಕನ್ನಡದಲ್ಲಿ ನಕ್ಕರು.

ಅದರ ಮರುವರ್ಷವೇ ನನ್ನ ಅಕ್ಕ ಗಿರಿಜಾ ಕಾಯಿಲೆಬಿದ್ದಳು. ಸಿಂಧನೂರಿನ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಳು. ಟೀಚರಾಗುವ ಹುಚ್ಚು ಆಸೆ, ನನ್ನನ್ನು ಕೂರಿಸಿಕೊಂಡು ಮಗ್ಗಿ ಹೇಳಿಸಿ ತಲೆಗೆ ಮೊಟಕುವಳು. ಅಂಥವಳು ನಿದ್ದೆ ಬಿಟ್ಟಳು, ಯಾರೂ ಇಲ್ಲದ ಕಡೆ ನೋಡಿ ಮಾತಾಡಿದಳು, ಅವ್ವ ಬಡಿದ ರೊಟ್ಟಿಯಲ್ಲಿ ವಿಷವಿದೆ ಎಂದಳು. ಸೋದರತ್ತೆ ಕಾರಣ ಕಂಡುಹಿಡಿದೇಬಿಟ್ಟಳು: “ಕಾಲುವಿ ಕಡಿಯೋ ಮುಂದ ಯಾವುದೋ ದೇವರ ಕಟ್ಟಿ ಒಡದಾರ. ಅದು ಬಂದು ಹುಡುಗೀನ ಹಿಡಕೊಂಡೈತಿ.” ಅಪ್ಪ ತಾಯಿತವನ್ನೂ ಕಟ್ಟಿಸಿದ, ಮಸ್ಕಿಯಲ್ಲಿ ಬಸ್ಸು ಬದಲಿಸಿ ಲಿಂಗಸುಗೂರಿನ ಡಾಕ್ಟರ ಹತ್ತಿರವೂ ಕರೆದೊಯ್ದ. ಮನಸ್ಸಿನ ಬೇನೆಗೂ ಗುಳಿಗೆಯಿದೆ ಎಂದು ನಮಗೆ ಗೊತ್ತಾದದ್ದೇ ಆಗ.

ಕೆಲವು ವಾರಗಳಲ್ಲಿ ಅಕ್ಕ ನಕ್ಕಳು, ರೊಟ್ಟಿ ತಿಂದಳು, ನನ್ನ ತಲೆಗೆ ಮೊಟಕಿದಳು. ಅಪ್ಪನಿಗೆ ಅಷ್ಟು ಸಾಕಾಯಿತು. ಉಳಿದ ಗುಳಿಗೆಗಳನ್ನು ಬೀಜದ ಗಂಟಿನ ಪಕ್ಕ ಗೋಡೆಯ ಮಾಡದಲ್ಲಿಟ್ಟ, ಮುಂದೆಂದಾದರೂ ಬೇಕಾದೀತೆಂದು. ಮಳೆ ಬರುವ ಮೊದಲೇ ಬೇನೆ ಮರಳಿತು, ಮೊದಲಿಗಿಂತ ಜೋರಾಗಿ. ಅಪ್ಪ ಕಟ್ಟೆಯ ಮೇಲೆ ಕುಸಿದು ಕೂತು ಅವ್ವನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಮತ್ತ ಹಸಿರು ನೋಡಿ ನೀರು ಬಂದ್ ಮಾಡಿದೆನಲ್ಲ!”

ಗುಳಿಗೆ ಮತ್ತೆ ಶುರುವಾಯಿತು, ಈ ಸಲ ನಿಲ್ಲಲಿಲ್ಲ. ಆದರೆ ಅದು ಬಾಯಿ ಒಣಗಿಸುತ್ತಿತ್ತು, ಕಣ್ಣೆಳೆಯುತ್ತಿತ್ತು. ಅಕ್ಕ ಪಾಠದ ನಡುವೆ ತೂಕಡಿಸುವಳು, ನೀರಿಗೆಂದು ಏಳುವಳು. ಹೆಡ್‌ಮಾಸ್ತರರು ಅಪ್ಪನಿಗೆ ಹೇಳಿ ಕಳಿಸಿದರು. ಹೋದವನು ಅಪ್ಪನೊಬ್ಬನೇ ಅಲ್ಲ. ಎಂದೂ ಶಾಲೆಯ ಮೆಟ್ಟಿಲು ಹತ್ತದ ಅವ್ವ ಸೆರಗು ಹೊದ್ದು ಮುಂದೆ ನಡೆದಳು. ನಾನು ಸೀರೆಯ ಚುಂಗು ಹಿಡಿದು ಹಿಂದೆ.

“ಗುಳಿಗಿ ಬಿಡಸ್ರಿ, ಇಲ್ಲಾ ಸಾಲಿ ಬಿಡಸ್ರಿ,” ಎಂದರು ಮಾಸ್ತರರು. ಕೆಟ್ಟವರೇನಲ್ಲ, ಬೇಸತ್ತಿದ್ದರು. ಅಕ್ಕ ಗೋಡೆಗೆ ಮುಖಮಾಡಿ ನಿಂತಿದ್ದಳು.

ಅಪ್ಪ ರುಮಾಲು ಸರಿಮಾಡಿಕೊಂಡು ತನ್ನ ಜೊಳ್ಳಿನ ಕಥೆಯನ್ನು ನಾಚಿಕೆ ಬಿಟ್ಟು ಹೇಳಿದ. “ಒಮ್ಮಿ ಗುಳಿಗಿ ಬಿಡಿಸಿ ನೋಡೀನ್ರೀ. ಮತ್ತ ಬಿಡಿಸಂಗಿಲ್ಲ.”

“ಹಂಗಾರ ಸಾಲಿ...”

“ಅದನ್ನೂ ಬಿಡಿಸಂಗಿಲ್ಲ,” ಎಂದಳು ಅವ್ವ. “ನೀವು ಚಸ್ಮಾ ಹಾಕ್ಕೊಂಡು ಪಾಠ ಹೇಳ್ತೀರಿ. ನಮ್ಮ ಹುಡುಗಿ ಗುಳಿಗಿ ನುಂಗಿ ಪಾಠ ಕೇಳ್ತಾಳ. ನಿಮ್ಮ ಚಸ್ಮಾ ತಗೀರಿ ಅಂತ ನಾ ಅಂದೀನೇನ್ರೀ?”

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಅವ್ವ ಸೆರಗಿನೊಳಗಿಂದ ಈ ತಂಬಿಗೆಯನ್ನು ತೆಗೆದು ಮೇಜಿನ ಮೇಲಿಟ್ಟಳು. “ಇದು ಆಕಿ ಬಾಜೂಕ ಇರ್ಲಿ. ಬಾಯಿ ಒಣಗಿದ್ರ ಕುಡೀತಾಳ, ಏಳೂದು ಬ್ಯಾಡ. ನಿದ್ದಿ ಮಾತು ನಮಗ ಬಿಡ್ರಿ.”

ಮಾಸ್ತರರು ತಂಬಿಗೆಯನ್ನೂ ಅವ್ವನನ್ನೂ ನೋಡಿ, “ಪರೀಕ್ಷಾ ತನಕ ನೋಡೂಣು,” ಎಂದರು. ಅಪ್ಪ ಮರುದಿನವೇ ಲಿಂಗಸುಗೂರಿನ ಬಸ್ಸು ಹತ್ತಿದ. ಡಾಕ್ಟರರ ಎದುರು ಕೂತು, ಹುಡುಗಿ ಓದಬೇಕು, ಏನಾದರೂ ಮಾಡಿ ಎಂದು ಹಟ ಹಿಡಿದ. ಅವರು ಬೆಳಗಿನ ಗುಳಿಗೆಯನ್ನು ಸಂಜೆಗೆ ಬದಲಿಸಿಕೊಟ್ಟರು. ತೂಕಡಿಕೆ ಮೆಲ್ಲಗೆ ಇಳಿಯಿತು. ಅಕ್ಕ ಪಾಸಾದಳು. ಮೊದಲ ದರ್ಜೆಯೇನಲ್ಲ, ಆದರೂ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು, ಅತ್ತೆಗೆ ಒಂದು ಹಿಡಿ ಜಾಸ್ತಿ.

ಮುಂದೆಯೂ ಒಂದೆರಡು ಸಲ ಕೆಟ್ಟ ದಿನಗಳು ಬಂದುಹೋದವು. ಆದರೂ ಅಕ್ಕ ಮಸ್ಕಿಯಲ್ಲಿ ಟೀಚರಾದಳು, ನಿವೃತ್ತಿಯವರೆಗೂ ಕಲಿಸಿದಳು. ಅವಳ ತರಗತಿಯಲ್ಲಿ ನೀರಿಗೆ ಯಾರೂ ಅಪ್ಪಣೆ ಕೇಳಬೇಕಾಗಿರಲಿಲ್ಲವಂತೆ.

ಹೀಗೆ ನೆನೆಯುತ್ತ ತಂಬಿಗೆ ಹಿಡಿದು ನಿಂತವಳಿಗೆ ಹಿಂದಿನಿಂದ ದನಿ ಕೇಳಿಸಿತು. ಹಬ್ಬಕ್ಕೆಂದು ನಮ್ಮ ಮನೆಗೆ ಬಂದಿರುವ ಅಕ್ಕ.

“ಏನಬೇ, ಹಸಿರು ಕಂಡ್ತು ಅಂತ ನೀರು ಬಂದ್ ಮಾಡಾಕತ್ತಿ ಏನು?”

ಬಾಯಿ ತೆರೆದು ಗುಳಿಗೆ ನುಂಗಿದೆ. ಅದು ನನ್ನ ಗಂಟಲಲ್ಲಿ ಇಳಿಯುವವರೆಗೂ ಅಕ್ಕ ನೋಡುತ್ತ ನಿಂತು, ಅಭ್ಯಾಸಬಲದಿಂದ ತಲೆಗೊಂದು ಮೊಟಕಿದಳು.