ಮೊದಲು ಪ್ರತಿ, ಆಮೇಲೆ ಕೆಲಸ: ಕೋಡಿಯ ನಕ್ಷೆ ಕಾಯ್ದ ವನಜ ಕುಂದರ್

ಬಿಸಿಲಿಗೆ ಹರವಿದ ಬೈಗೆ ಮೀನಿನ ವಾಸನೆ ಬಂದರೆ ಪ್ರೊ. ವನಜ ಕುಂದರ್ ಅವರಿಗೆ ಇಂದಿಗೂ ತಾಯಿಯ ನೆನಪಾಗುತ್ತದೆ. ಕುಂದಾಪುರದ ಬಳಿಯ ಕಡಲೂರು ಕೋಡಿಯ ಮರಳಿನ ಮೇಲೆ ತಾಯಿ ಮೀನು ಒಣಗಿಸುವಾಗ ಕಾಗೆ ಓಡಿಸುವ ಕೆಲಸ ಅವರದಾಗಿತ್ತು. ಶಾಲೆಯಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದ ಆ ಹುಡುಗಿಯೇ, ಮುಂದೆ ಭೂಗೋಳದ ಪ್ರಾಧ್ಯಾಪಕಿಯಾಗಿ, ಕರಾವಳಿಯ ಜನ ದಿನನಿತ್ಯ ಬಳಸುವ ನೆಲವನ್ನು ಕಂಪ್ಯೂಟರ್ ನಕ್ಷೆಯೊಳಗೆ ತಂದವರಲ್ಲಿ ನಮ್ಮ ಭಾಗಕ್ಕೆ ಮೊದಲಿಗರೆನಿಸಿದರು.

ವೃತ್ತಿಯ ಆರಂಭದ ವರ್ಷಗಳು ಬ್ರಹ್ಮಾವರದಲ್ಲಿ ಕಳೆದವು. ಸುತ್ತಲಿನ ಕೆರೆ-ಮದಗಗಳನ್ನೂ ಹಳ್ಳ-ತೋಡುಗಳನ್ನೂ ಅವರು ಟ್ರೇಸಿಂಗ್ ಹಾಳೆಯ ಮೇಲೆ ಬರೆದದ್ದು ಅಲ್ಲಿಯೇ. ಬೈಂದೂರಿನ ಕಡಲತೀರಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಅನಿಷಾ ಎಂಬ ವಿದ್ಯಾರ್ಥಿನಿಯ ಚಪ್ಪಲಿ ಕಿತ್ತುಹೋಯಿತು, ಮರಳು ಕಾದಿತ್ತು. ವನಜ ಅವರು ತಮ್ಮ ಚಪ್ಪಲಿ ಕಳಚಿಟ್ಟು, "ಹಾಕ್ಕೋ. ನಂಗೆ ಮರಳಂಗೆ ಬರಿಗಾಲೇ ಅಭ್ಯಾಸ" ಎಂದು, ಅವಳು ಬೇಡವೆನ್ನುವ ಮೊದಲೇ ಮುಂದೆ ನಡೆದುಬಿಟ್ಟಿದ್ದರು. ಉಪಕಾರ ಪಡೆದವರಿಗೆ ಅದರ ಭಾರ ತಿಳಿಯಬಾರದೆಂಬ ಎಚ್ಚರ ಅವರದು.

ಕುಂದಾಪುರದ ಕಾಲೇಜಿಗೆ ಬಂದ ಮೇಲೆ ಅವರು ಗ್ರಾಸ್ ಎಂಬ ನಕ್ಷೆಯ ತಂತ್ರಾಂಶವನ್ನು ತಾವೇ ಕಲಿತು ಇತರರಿಗೆ ಕಲಿಸಿದರು. ಮೌಸ್ ಹಿಡಿಯದೆ, ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬೆರಳಚ್ಚಿಸುವ ಅವರನ್ನು ಕಂಡು ವಿದ್ಯಾರ್ಥಿಗಳು, "ಟೀಚರ್ ಕಂಪ್ಯೂಟರಿಗೇ ಡಿಕ್ಟೇಶನ್ ಕೊಡ್ತ್ರ್ ಮರ್ರೆ" ಎಂದು ನಗುತ್ತಿದ್ದರು. ಅವರ ತರಗತಿಯ ಮೊದಲ ಪಾಠ 'ಜಿ ಡಾಟ್ ಕಾಪಿ' ಎಂಬ ಆಜ್ಞೆ. ಮೂಲ ನಕ್ಷೆಯ ಹೆಸರು ಮೊದಲು, ಅಲ್ಪವಿರಾಮ, ಅನಂತರ ಪ್ರತಿಯ ಹೆಸರು. ಮೂಲವನ್ನು ಮುಟ್ಟುವಂತಿಲ್ಲ, ತಿದ್ದುವುದೇನಿದ್ದರೂ ಪ್ರತಿಯಲ್ಲಿ. ಅವರದು ಇನ್ನೊಂದು ಪದ್ಧತಿಯೂ ಇತ್ತು. ಒಂದು ಕೇರಿಯ ಅಳತೆ ಮುಗಿದಾಗಲೆಲ್ಲ ನಕ್ಷೆಯ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಆ ಕೇರಿಯವರ ಕೈಗೇ ಕೊಟ್ಟು ಬರುತ್ತಿದ್ದರು. ಮಾಹಿತಿ ಕೊಟ್ಟವರದೇ ಮಾಹಿತಿ ಎಂಬುದು ಅವರ ನಂಬಿಕೆ. ಕಂಪ್ಯೂಟರ್ ಇಲ್ಲದ ಮನೆಗೆ ಪೆನ್‌ಡ್ರೈವ್ ಏಕೆಂದು ಸಹೋದ್ಯೋಗಿಗಳು ಕೇಳಿದ್ದುಂಟು. ಅವರು ನಕ್ಕು ಮುಂದಿನ ಕೇರಿಗೆ ಹೊರಡುತ್ತಿದ್ದರು.

ಆ ಪದ್ಧತಿಯ ಬೆಲೆ ತಿಳಿದದ್ದು ಕಳೆದ ವರ್ಷ. ಕೋಡಿಯ ಅಳಿವೆಯ ಬಳಿ ವಾಹನ ನಿಲುಗಡೆಗೆ ಜಾಗ ಗುರುತಿಸುವ ಯೋಜನೆ ಬಂದಿತ್ತು. ಸರ್ಕಾರಿ ನಕ್ಷೆಯಲ್ಲಿ ಅದು ಖಾಲಿ ಮರಳು. ಅಲ್ಲಿ ಮೀನು ಒಣಗಿಸುವ ಮನೆಗಳ ಪಾಲಿಗೆ ಅದೇ ಅನ್ನ. ಒಣಗಿಸುವ ಒಂದೊಂದು ಕಣವನ್ನೂ ತೋರಿಸುವ ವನಜ ಅವರ ನಕ್ಷೆಯನ್ನು ಅಹವಾಲು ಸಭೆಯ ಮುಂದಿಡಬೇಕಿತ್ತು. ಇಡದಿದ್ದರೆ ಜಾಗ ಖಾಲಿಯೆಂದೇ ತೀರ್ಮಾನವಾಗುತ್ತಿತ್ತು.

ಸಭೆಯ ಮುನ್ನಾದಿನ ವಿಭಾಗದ ಕಿರಿಯ ಉಪನ್ಯಾಸಕ ರಜತ್ ಮುದ್ರಣಕ್ಕೆಂದು ಪ್ರತಿ ಮಾಡಲು ಕುಳಿತರು. ಪ್ರತಿಗೆ ಇಟ್ಟಿದ್ದ ಹೆಸರಿನಲ್ಲಿ ಹಳೆಯ ನಕ್ಷೆಯೊಂದು ಆಗಲೇ ಇತ್ತು, ಕಣಗಳನ್ನು ಗುರುತಿಸುವುದಕ್ಕೂ ಮೊದಲಿನದು. ಅಂಥ ಸಂದರ್ಭದಲ್ಲಿ ಯಂತ್ರ ತಾನಾಗಿ ನಿರಾಕರಿಸುತ್ತದೆ. ಇದ್ದುದರ ಮೇಲೆಯೇ ಬರೆ ಎಂದು ಒತ್ತಿ ಹೇಳಿದರೆ ಮಾತ್ರ ಬರೆಯುತ್ತದೆ. ರಜತ್ ಒತ್ತಿ ಹೇಳಿದರು. ಆದರೆ ಅವಸರದಲ್ಲಿ ಎರಡು ಹೆಸರುಗಳನ್ನು ಹಿಂದುಮುಂದು ಮಾಡಿದ್ದರು. ಹಳೆಯ ನಕ್ಷೆ ಹೊಸದರ ಮೇಲೆ ಕುಳಿತಿತು. ಪರದೆಯ ಮೇಲೆ ಕೋಡಿ ಮತ್ತೆ ಖಾಲಿ ಮರಳಾಯಿತು.

ರಜತ್ ಓಡಿಹೋಗಿ ವನಜ ಅವರನ್ನು ಕರೆತಂದರು. ವನಜ ಅವರು ಪರದೆಯನ್ನೊಮ್ಮೆ ನೋಡಿ, ಕೊಡೆ ತೆಗೆದುಕೊಂಡು, "ಬನ್ನಿ, ಸೀತಕ್ಕನ ಮನೆಗೆ ಹೋಗುವ" ಎಂದರಷ್ಟೆ.

ಸೀತು ಕೋಡಿಯಲ್ಲಿ ಮೀನು ಒಣಗಿಸುವ ಹಿರಿಯಾಕೆ. ಅಂಗಳದಿಂದಲೇ ಕೂಗಿದರು: "ಹ್ವಾಯ್ ವನಜಕ್ಕ, ಎಂತ ಈ ಬಿಸ್ಲಂಗೆ? ಬನಿ, ಕೂಕಣಿ."

"ಕೂಕಂಬುಕೆ ಪುರ್ಸೊತ್ತಿಲ್ಲೆ ಸೀತಕ್ಕ. ನಾನ್ ಕೊಟ್ಟ ಪೆನ್‌ಡ್ರೈವ್ ಇತ್ತಾ?"

"ಅಕ್ಕಿ ಡಬ್ಬಿ ಒಳ್ಗ್ ಇತ್ತ್ ಕಾಣಿ. ಉಪ್ಪ್ ಗಾಳಿಗೆ ಹಾಳಾತ್ತ್ ಅಂದೇಳಿ ಅಲ್ಲೇ ಹುಗ್ದಿಟ್ಟಿದೆ." ಸೀತು ಮೊಣಕೈವರೆಗೆ ಅಕ್ಕಿಯೊಳಗೆ ಕೈ ಹಾಕಿ ತೆಗೆದುಕೊಟ್ಟರು. "ಎಂತ, ಅಷ್ಟ್ ದೊಡ್ಡ ಕಾಲೇಜಂಗೆ ಹಾಳಾಯ್ತಾ? ನಿಮ್ ಕಂಪ್ಯೂಟರಿಗಿಂತ ನನ್ ಡಬ್ಬಿಯೇ ಅಡ್ಡಿಲ್ಲೆ ಅಲ್ದಾ?"

"ನಮ್ ಕೈಯಂಗೆ ಒಂದ್ ತಪ್ಪಾಯ್ತ್" ಎಂದರು ವನಜ. ಯಾರ ಕೈ ಎನ್ನಲಿಲ್ಲ.

ಆ ಪ್ರತಿಯಲ್ಲಿ ಎಲ್ಲವೂ ಇತ್ತು, ಸೀತುವಿನ ಸ್ವಂತ ಕಣವೊಂದನ್ನು ಬಿಟ್ಟು. ಪೆನ್‌ಡ್ರೈವ್ ಕೊಟ್ಟ ಮೇಲೆ ಬಂದ ಮಳೆಗಾಲದಲ್ಲಿ ಕಡಲು ಹಳೆಯ ಜಾಗವನ್ನು ಕೊರೆದು ನುಂಗಿದ್ದರಿಂದ ಸೀತು ಬಡಗಣ ದಿಕ್ಕಿಗೆ ಸರಿದಿದ್ದರು; ಆ ಹೊಸ ಅಳತೆ ಇದ್ದದ್ದು ಅಳಿಸಿಹೋದ ನಕ್ಷೆಯಲ್ಲಿ ಮಾತ್ರ. ಸೀತು ಮುಂದೆ ನಡೆದು ಮೂಲೆಗಳನ್ನು ತೋರಿಸಿದರು, ರಜತ್ ಅಳೆದರು. ಕಾಲೇಜಿಗೆ ಮರಳಿದಾಗ ವನಜ ಅವರು ಕುರ್ಚಿಯನ್ನು ರಜತ್ ಅವರತ್ತ ಸರಿಸಿದರು.

"ಬೇಡ ಮೇಡಂ, ನೀವೇ ಮಾಡಿ. ನಾನ್ ಮತ್ತೊಂದ್ ಸಲ ತಪ್ಪ್ ಮಾಡಿರೆ ಕಷ್ಟ."

"ತಪ್ಪ್ ಮಾಡಿದ್ ಕೈಯೇ ಜಾಗ್ರತೆ ಮಾಡತ್ತ್. ಹೆಸ್ರ್ ಓದಿ ಹೇಳಿ, ಮತ್ತೆ ಒತ್ತಿ."

ರಜತ್ ಎರಡೂ ಹೆಸರುಗಳನ್ನು ಗಟ್ಟಿಯಾಗಿ ಓದಿದರು, ಒತ್ತಿದರು. ಕಣಗಳು ಒಂದೊಂದಾಗಿ ಪರದೆಗೆ ಬಂದವು. ಅಂದಿನಿಂದ ಹೆಸರು ಓದಿ ಒತ್ತುವುದು ಆ ವಿಭಾಗದ ರೂಢಿಯಾಗಿದೆ.

ಮರುದಿನ ಸಭೆಯಲ್ಲಿ ಅಧಿಕಾರಿಗಳು, ಒಂದು ಕಣದ ಅಳತೆ ಮಾತ್ರ ನಿನ್ನೆಯದೇಕೆ ಎಂದು ಕೇಳಿದರು. ವನಜ ಅವರು ಎದ್ದು, ಪ್ರತಿ ಮಾಡುವಾಗ ತಮ್ಮ ವಿಭಾಗದಲ್ಲಿ ತಪ್ಪಾಯಿತೆಂದೂ, ಅದರ ಹೊಣೆ ತಮ್ಮದೆಂದೂ ಹೇಳಿ, ಸೀತುವನ್ನೇ ಮುಂದೆ ಕರೆದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿದರು. ನಕ್ಷೆ ಅಂಗೀಕೃತವಾಯಿತು, ನಿಲುಗಡೆಯ ಜಾಗ ಹೆದ್ದಾರಿಯ ಕಡೆಗೆ ಸರಿಯಿತು. ಈ ಪ್ರಸಂಗವನ್ನು ತಮ್ಮ ಹೆಸರು ಮರೆಮಾಚದೆ ಬರೆಯಬೇಕೆಂದು ಪಟ್ಟು ಹಿಡಿದವರು ರಜತ್ ಅವರೇ.

ವನಜ ಅವರು ನಿವೃತ್ತರಾದರೂ ಅಳತೆಯ ಟೇಪು ಇನ್ನೂ ಅವರ ಚೀಲದಲ್ಲಿದೆ. ಗಂಗೊಳ್ಳಿಯಿಂದ ಶಿರೂರಿನವರೆಗಿನ ತೀರ ಅವರ ದಾರಿ ಕಾಯುತ್ತಿದೆ. ಅವರ ಕಣ್ಣು ಚುರುಕಾಗಿರಲಿ, ಕಾಲು ಗಟ್ಟಿಯಾಗಿರಲಿ, ನೂರು ಮಳೆಗಾಲ ದಾಟಿದ ಮೇಲೂ ಅವರು ಬರೆದ ಗೆರೆಗಳ ಮೇಲೆ ಮೀನು ಒಣಗುತ್ತಿರಲಿ.

ಸಭೆ ಮುಗಿದ ಆ ಮಧ್ಯಾಹ್ನ ಎಲ್ಲರೂ ಸೀತುವನ್ನು ಸುತ್ತುವರಿದು ನಗುತ್ತಿದ್ದರು. ರಜತ್ ಒಬ್ಬರೇ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಹಿಂದಿನ ದಿನದಿಂದ ಅವರಿಗೆ ಅನ್ನ ಸೇರಿರಲಿಲ್ಲ. ವನಜ ಅವರು ಬಂದು ಪಕ್ಕದಲ್ಲಿ ಕುಳಿತು, ಮುಚ್ಚಳ ತೆಗೆದು ತಮ್ಮ ಬುತ್ತಿಯನ್ನು ಅವರ ಕೈಗಿತ್ತರು.