ಹಳದಿ ಲೋಹದ ಬಳೆ ಎರಡು

ಅವರ ಸೊಂಟದಲ್ಲಿ ಸದಾ ಒಂದು ಬಾಲ್‌ಪೆನ್ನು ನೇತಾಡುತ್ತಿತ್ತು. ಗಾಯಕ್ಕೆ ಸುತ್ತುವ ಬ್ಯಾಂಡೇಜ್ ಬಟ್ಟೆಯನ್ನು ಉದ್ದಕ್ಕೆ ಹರಿದು, ಹೊಸೆದು ದಾರ ಮಾಡಿ, ಒಂದು ತುದಿಗೆ ಪೆನ್ನು ಕಟ್ಟಿ ಇನ್ನೊಂದು ತುದಿಯನ್ನು ಸೀರೆಯ ನಿರಿಗೆಯ ಪಕ್ಕ ಸಿಕ್ಕಿಸಿಕೊಳ್ಳುತ್ತಿದ್ದರು. ವಾರ್ಡಿನಲ್ಲಿ ಪೆನ್ನು ಇಸಿದುಕೊಂಡ ಡಾಕ್ಟರೊಬ್ಬರು ಅದನ್ನು ವಾಪಸು ಕೊಟ್ಟದ್ದನ್ನು ಅವರು ತಮ್ಮ ಇಡೀ ನೌಕರಿಯಲ್ಲಿ ನೋಡಿರಲಿಲ್ಲವಂತೆ. ನಿವೃತ್ತರಾಗಿ ವರ್ಷಗಳಾದ ಮೇಲೂ ಆ ದಾರ ಬಿಚ್ಚಿರಲಿಲ್ಲ. ಕೊರಳಲ್ಲಿ ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆ, ಸೊಂಟದಲ್ಲಿ ಪೆನ್ನು. ಇವೆರಡಿಲ್ಲದೆ ಅವರು ಹಾಲು ತರಲೂ ಮೆಟ್ಟಿಲಿಳಿಯುತ್ತಿರಲಿಲ್ಲ. ಕರಡಿಗೆ ಅವರ ಮೊದಲ ಸಂಬಳದ್ದು. "ಅಸಲಿ ಬೆಳ್ಳಿ ಅದ. ಕಲಬುರಗ್ಯಾಗ ಅಕ್ಕಸಾಲಿ ಎದುರು ಕುಂತು ಮಾಡಿಸೀನಿ" ಎಂದು ವರ್ಷಕ್ಕೆ ನಾಲ್ಕು ಸಲವಾದರೂ ನನಗೆ ಹೇಳುತ್ತಿದ್ದರು.

ನಾಸಿಕದ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಅವರು ಸಿಸ್ಟರ್‌ಬಾಯಿ. ನಾನು ಬೀದರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಮೆಟ್ಟಿಲ ಮೇಲೆ ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿ ನಿಂತು, "ಯಾರ ಪೈಕಿ ಯವ್ವಾ ನೀ?" ಎಂದು ಕೇಳಿದ್ದರು. ಅಂದಿನಿಂದ ನಮ್ಮ ಮನೆಗೆ ಅವರಿಗೆ ಕರೆಯೇ ಬೇಕಿರಲಿಲ್ಲ. ಬಂದವರೇ ಮೊದಲು ಮಂಚದ ಚಾದರವನ್ನು ಎಳೆದು, ನಾಲ್ಕೂ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲಿ ಮಡಚಿ ಸಿಕ್ಕಿಸಿ, ಆಮೇಲೆ ಕುರ್ಚಿಯಲ್ಲಿ ಕೂರುತ್ತಿದ್ದರು. ನನ್ನ ಗಂಡ ಅದಕ್ಕೆ ಹೆದರಿ ಅವರ ಹೆಜ್ಜೆ ಸಪ್ಪಳ ಕೇಳುತ್ತಲೇ ಮಂಚದಿಂದ ಏಳುತ್ತಿದ್ದರು.

ಅವರು ಮದುವೆಯಾಗಿರಲಿಲ್ಲ. ದುಡಿದದ್ದನ್ನು ಹಾಕಿ, ಹಿಂದೆ ನರ್ಸಾಗಿ ಕೆಲಸ ಮಾಡಿದ್ದ ಛತ್ರಪತಿ ಸಂಭಾಜಿನಗರದಲ್ಲಿ, ದೌಲತಾಬಾದಿಗೆ ಹೋಗುವ ರಸ್ತೆಯ ಪಕ್ಕದ ಬಡಾವಣೆಯಲ್ಲಿ, ಒಂದು ಸಣ್ಣ ಫ್ಲಾಟು ಕೊಂಡಿದ್ದರು. ಬಾಡಿಗೆ ಬರಲಿ, ಕೈಲಾಗದ ಕಾಲಕ್ಕೆ ಅದೇ ಆಸರೆಯಾಗಲಿ ಎಂಬ ಲೆಕ್ಕ. ಬಾಡಿಗೆಯವರು ಬಿಟ್ಟುಹೋದಾಗ ಬಣ್ಣ ಹೊಡೆಸಲು ಒಬ್ಬ ಪೇಂಟರನನ್ನು ಗೊತ್ತು ಮಾಡಿದರು. ಅವನು ಕಲಬುರಗಿ ಕಡೆಯವನು. ಪರಊರಿನಲ್ಲಿ ತಮ್ಮ ತಾಲ್ಲೂಕಿನ ಮಾತು ಕಿವಿಗೆ ಬಿದ್ದದ್ದೇ ತಡ, ಸಿಸ್ಟರ್‌ಬಾಯಿ ಕೀಲಿಕೈ ಅವನ ಕೈಗಿಟ್ಟು ನಾಸಿಕಕ್ಕೆ ಬಂದುಬಿಟ್ಟರು. ಆಮೇಲೆ ಮೊಣಕಾಲಿನ ಆಪರೇಷನ್ ಆಗಿ ಕೆಲವು ತಿಂಗಳು ಹಾಸಿಗೆ ಹಿಡಿದರು. ಎದ್ದು ನೋಡಲು ಹೋದಾಗ ಬಾಗಿಲಿಗೆ ಬೇರೆ ಬೀಗ, ಒಳಗೆ ಪೇಂಟರನ ಸಂಸಾರ.

ಆ ದಿನ ನಾನೂ ಜೊತೆಗಿದ್ದೆ. ಅವನು ಬಾಗಿಲಿಗೆ ಅಡ್ಡ ನಿಂತು ನಗುತ್ತಲೇ ಮಾತಾಡಿದ.

"ನೀವು ದೊಡ್ಡವ್ರು ಅದೀರಿ ಸಿಸ್ಟರ್. ಮನಿ ಖಾಲಿ ಬಿದ್ದಿತ್ತು, ನಾವು ಅದೀವಿ. ಈಗ ಹೊರಗ ಹಾಕತೀನಿ ಅಂದ್ರ ನಾ ಎಲ್ಲಿ ಹೋಗಲಿ? ಏನ್ ಮಾಡ್ಕೋತೀರಿ ಮಾಡ್ಕೋರಿ."

ಅವನ ಹಿಂದೆ, ಅಡುಗೆಮನೆಯಲ್ಲಿ, ಅವನ ಹೆಂಡತಿ ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾಸಿಕದಲ್ಲಿ ಅವರಿದ್ದ ಬಾಡಿಗೆ ಕೋಣೆಯ ಮಾಲೀಕರು ಮಗನ ಮದುವೆಯಾಗಿದೆ, ಕೋಣೆ ಬೇಕು ಎಂದು ಆಗಲೇ ಹೇಳಿದ್ದರು. ಈ ಫ್ಲಾಟು ಹೋದರೆ ಈ ಹೆಂಗಸಿಗೆ ತಮ್ಮದೆಂದು ಹೇಳಿಕೊಳ್ಳಲು ಒಂದು ಹೊಸ್ತಿಲೂ ಇಲ್ಲ. ವಾಪಸು ಬರುವ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಒದರಿದೆ: ನನ್ನ ಗಂಡನ ಫ್ಯಾಕ್ಟರಿಯವರಿಗೆ ಗೊತ್ತಿರುವ ನಾಲ್ಕು ಹುಡುಗರನ್ನು ಕರೆದೊಯ್ದು ಸಾಮಾನು ಬೀದಿಗೆ ಎಸೆಸೋಣ, ಅದಾಗದಿದ್ದರೆ ನೀರು, ಕರೆಂಟು ತೆಗೆಸೋಣ, ಎಂಟು ದಿನದಲ್ಲಿ ತಾನೇ ಓಡುತ್ತಾನೆ. ವೈಜಾಪುರ ದಾಟಿದ ಮೇಲೆ ಸಿಸ್ಟರ್‌ಬಾಯಿ ನನ್ನ ಕಡೆ ತಿರುಗಿದರು.

"ಒದರೂದು ಆಯ್ತಾ?" ಎಂದರು. "ನೀರು ಬಂದ್ ಮಾಡೂದಿಲ್ಲ. ಒಳಗೊಬ್ಬ ಹೆಣ್ಮಗಳು ಕೆಮ್ಮಲಾಕತ್ಯಾಳ, ನಿನಗ ಕೇಳಿಸಲಿಲ್ಲೇನು? ಭಾಷಾ ಕೇಳಿ ಕೀಲಿ ಕೊಟ್ಟಾಕಿ ನಾ. ತಪ್ಪು ನಂದು. ಈಗ ಕೋರ್ಟಿನ ಕಾಗದ ತೋರಿಸಿ ಕೀಲಿ ಇಸ್ಕೋತೀನಿ. ಎಷ್ಟು ದಿನಾ ಹಿಡೀತದ ಹಿಡೀಲಿ."

ಮೂರು ಮಳೆಗಾಲ ಹಿಡಿಯಿತು. ಪ್ರತಿ ತಾರೀಖಿಗೂ ನಸುಕಿನ ಬಸ್ಸು, ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಣಕಾಲಿಗೆ ಪಟ್ಟಿ. ಯೇವಲಾದಲ್ಲಿ ಬಸ್ಸು ನಿಂತಾಗ ಇಳಿದು ಕಾಲು ಚಾಚಿ, ಹತ್ತು ಹೆಜ್ಜೆ ನಡೆದು ಮತ್ತೆ ಹತ್ತುತ್ತಿದ್ದರು. ಎಷ್ಟೋ ಸಲ ಕೋರ್ಟಿನಲ್ಲಿ ಮುಂದಿನ ತಾರೀಖು ಕೊಟ್ಟು ಕಳಿಸುತ್ತಿದ್ದರು. ನಾನು ಗೊಣಗಿದರೆ, ಪೆನ್ನು ಎಳೆದು ಅಂಗೈ ಮೇಲೆ ಹೊಸ ತಾರೀಖು ಬರೆದುಕೊಳ್ಳುತ್ತಾ, "ವಾರ್ಡಿನ್ಯಾಗ ಇದಕ್ಕಿಂತ ಹಟಮಾರಿ ಪೇಶಂಟ್ ನೋಡೀನಿ" ಎನ್ನುತ್ತಿದ್ದರು. ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಈ ನಡುವೆ ಮಾಲೀಕರನ್ನು ಬೇಡಿ ಕೋಣೆಯ ಗಡುವನ್ನು ಎರಡು ಸಲ ಮುಂದೂಡಿಸಿಕೊಂಡರು. ಬೇಡುವಾಗ ಅವರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕೊನೆಗೆ ಮನೆ ಬಿಡಿಸಿಕೊಡುವಂತೆ ಆದೇಶವಾಯಿತು. ನಮ್ಮ ಕಡೆ ಕೋರ್ಟಿನ ಅಮೀನ ಎನ್ನುತ್ತೇವಲ್ಲ, ಇಲ್ಲಿ ಅವರನ್ನು ಬೇಲಿಫ್ ಎನ್ನುತ್ತಾರೆ. ಬೇಲಿಫರ ಜೊತೆ, ಫ್ಲಾಟಿನ ಕಟ್ಟಡದ ಇಬ್ಬರನ್ನು ಸಾಕ್ಷಿಗೆ ಪಂಚರನ್ನಾಗಿ ಕರೆದುಕೊಂಡು ಹೋದರೆ, ಪೇಂಟರ ಹಿಂದಿನ ದಿನವೇ ಬೀಗ ಜಡಿದು ಹೆಂಡತಿಯೊಡನೆ ಹೋಗಿದ್ದ. ಬೀಗ ಒಡೆಸಿದಾಗ ಒಳಗೆ ಸಂಸಾರ ಹಾಗೇ ಇತ್ತು. ಪಾತ್ರೆ, ಹಾಸಿಗೆ, ಬಣ್ಣದ ಡಬ್ಬಗಳು, ಕಬ್ಬಿಣದ ಕಪಾಟು, ಒಗೆದು ಒಣಹಾಕಿದ ಸೀರೆ.

ನಾನು ಖುಷಿಯಿಂದ ಕಿಟಕಿ ತೆರೆಯಹೋದೆ. ಸಿಸ್ಟರ್‌ಬಾಯಿ ತಡೆದರು.

"ಏನೂ ಮುಟ್ಟಬ್ಯಾಡ. ಅಂವ ಸಾಮಾನು ಮರತು ಹೋಗಿಲ್ಲ, ಬೇಕಂತ ಬಿಟ್ಟು ಹೋಗ್ಯಾನ. ನಾಳಿ ಬಂದು ಇದು ಇಲ್ಲ, ಅದು ಕಳುವಾಗ್ಯದ ಅಂತ ನನ್ನ ಮ್ಯಾಲೆ ಕೇಸ್ ಹಾಕ್ತಾನ. ಮತ್ತ ಮೂರು ವರ್ಷ ತಿರುಗಬೇಕು."

ಬೇಲಿಫರು "ಮನೆಬಳಕೆಯ ಸಾಮಾನು, ಒಂದು ರಾಶಿ" ಎಂದು ಬರೆದು ಮುಗಿಸುವ ಅವಸರದಲ್ಲಿದ್ದರು. ಇವರು ಒಪ್ಪಲಿಲ್ಲ. ದಿಕ್ಕಿಲ್ಲದ ರೋಗಿ ಪ್ರಜ್ಞೆಯಿಲ್ಲದೆ ವಾರ್ಡಿಗೆ ಬಂದರೆ ಅವನ ಮೈಮೇಲಿನ, ಜೇಬಿನಲ್ಲಿನ ಒಂದೊಂದನ್ನೂ ಇಬ್ಬರ ಎದುರು ಬರೆದು, ಗಂಟು ಕಟ್ಟಿ, ಸಹಿ ಹಾಕಿಸಿ ಇಡುವುದು ನರ್ಸಿನ ಕೆಲಸ. ಇಲ್ಲಿಯೂ ಹಾಗೇ ಆಗಬೇಕು ಎಂದು ಅವರಿಗೆ ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿ, ಬಾಗಿಲ ಬಳಿ ಬಣ್ಣದ ಡಬ್ಬ ಬೋರಲು ಹಾಕಿ ಕೂತುಬಿಟ್ಟರು. ಬೇಲಿಫರು ಸೋತರು. ಇಷ್ಟುದ್ದ ನನ್ನಿಂದಾಗದು, ನೀವೇ ಬರೆಯಿರಿ, ನಾನು ನೋಡಿ ಸಹಿ ಹಾಕುತ್ತೇನೆ ಎಂದರು. ಬೀದರಿನವಳಾದ ನನಗೆ ಮರಾಠಿ ಬರೆಯುವುದು ಕಷ್ಟವಿರಲಿಲ್ಲ. ಸಿಸ್ಟರ್‌ಬಾಯಿ ತಮ್ಮ ಸೊಂಟದ ಪೆನ್ನನ್ನು ದಾರ ಸಮೇತ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅವರು ಅದನ್ನು ಬೇರೆಯವರಿಗೆ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಿಡಿ ಮುರಿದ ಬಾಣಲೆ ಒಂದು. ಲಟ್ಟಣಿಗೆ ಒಂದು. ಕುಂಚ ಹನ್ನೊಂದು, ಎರಡರ ಕೂದಲು ಉದುರಿದೆ. ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಎರಡು ಬಳೆ ಸಿಕ್ಕವು. ನಾನು "ಬಂಗಾರದ ಬಳೆ ಎರಡು" ಎಂದು ಬರೆದೆ. ಅವರು ಬಗ್ಗಿ ನೋಡಿ ನನ್ನ ಕೈ ಹಿಡಿದರು.

"ಬಂಗಾರ ಅಂತ ನಿನಗ ಯಾರು ಹೇಳಿದ್ರು? ಅಕ್ಕಸಾಲಿ ಏನು ನೀ? ಗೀಟು ಹೊಡೀ ಅದಕ್ಕ. ಹಳದಿ ಲೋಹದ ಬಳಿ ಎರಡು ಅಂತ ಬರಿ. ಹೊಡದಲ್ಲಿ ಸಹಿ ಮಾಡು. ಕಣ್ಣಿಗೆ ಕಂಡದ್ದು ಬರಿ ಯವ್ವಾ, ಅಂದಕೊಂಡದ್ದು ಬರೀಬ್ಯಾಡ."

ಆ ಮಾತಿನ ಹಿಂದೆ ಒಂದು ಹಳೆಯ ನೋವಿತ್ತು ಎಂದು ಅಂದು ಊಟಕ್ಕೆ ಕೂತಾಗ ತಿಳಿಯಿತು. ನೌಕರಿಗೆ ಸೇರಿದ ವರ್ಷ, ಅಪಘಾತವಾಗಿ ಬಂದ ಹೆಂಗಸೊಬ್ಬಳ ಸರವನ್ನು ಇವರು ರಿಜಿಸ್ಟರಿನಲ್ಲಿ ಬಂಗಾರದ್ದೆಂದು ಬರೆದಿದ್ದರು. ಅದು ನಕಲಿ. ಮನೆಯವರು ಬಂದು ನರ್ಸೇ ಬದಲಾಯಿಸಿದ್ದಾಳೆ ಎಂದು ಕೂಗಾಡಿದ್ದರಿಂದ, ವಿಚಾರಣೆ ಮುಗಿಯುವತನಕ ತಿಂಗಳುಗಟ್ಟಲೆ ಇವರು ಕಳ್ಳಿ ಎನ್ನಿಸಿಕೊಂಡು ಡ್ಯೂಟಿ ಮಾಡಿದ್ದರು. ಹೇಳುವಾಗ ರೊಟ್ಟಿ ಮುರಿಯುವ ಕೈ ನಿಂತಿತ್ತು.

ಬಳೆಗಳ ಫೋಟೋ ತೆಗೆದು, ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಪಂಚರ ಸಹಿ ಹಾಕಿಸಿದರು. ಕಿಟಕಿಯ ಬಳಿ ಗುಳಿಗೆಯ ಒಂದು ಪೊಟ್ಟಣವೂ ಕಾರ್ಡೂ ಇದ್ದವು. ಅದನ್ನು ಓದುತ್ತಲೇ ಅವರ ಮುಖ ಬದಲಾಯಿತು. ಕ್ಷಯದ ಗುಳಿಗೆಗಳು, ಇನ್ನೂ ಅರ್ಧದಷ್ಟು ಉಳಿದಿದ್ದವು. ಪೇಂಟರನ ಫೋನು ಬಂದ್ ಆಗಿತ್ತು. ಉಳಿದದ್ದೆಲ್ಲ ನೋಟಿಸು ಹೋಗಿ ಅವನು ಬರುವವರೆಗೆ ಕಾಯಬಹುದು, ಇದು ಕಾಯುವುದಿಲ್ಲ ಎಂದು, ಕುಂಟುತ್ತಲೇ ಕಾರ್ಡಿನ ಮೇಲಿದ್ದ ಆರೋಗ್ಯ ಕೇಂದ್ರಕ್ಕೆ ಹೊರಟರು. ಅಲ್ಲಿಯ ನರ್ಸು ಆ ಹೆಂಗಸನ್ನು ಹುಡುಕಿ ಬೇರೆ ಗುಳಿಗೆ ಕೊಡುವ ಮಾತು ಕೊಟ್ಟ ಮೇಲೆಯೇ ಎದ್ದರು. ಮೂರು ವರ್ಷ ಅಲೆದಾಡಿಸಿದವನ ಮನೆಯ ಔಷಧಿ ಇವರಿಗೇಕೆ ಎಂದು ನಾನು ರೇಗಿದೆ.

"ಮನಿ ನಂದು, ಇಸ್ಕೊಂಡೆ. ಗುಳಿಗಿ ಆಕೀದು, ಮುಟ್ಟಿಸತೀನಿ. ಇದರಾಗ ಸಿಟ್ಟು ಮಾಡ್ಲಾಕ ಏನದ?"

ನೋಟಿಸು ಮುಟ್ಟಿದ ಮೇಲೆ ಒಂದು ಭಾನುವಾರ ಪೇಂಟರ ಟೆಂಪೊ ತಂದ. ಜೊತೆಗೆ ಇಬ್ಬರು ಗಟ್ಟಿ ಆಳುಗಳು, ಹೆಂಡತಿ. ಸಿಸ್ಟರ್‌ಬಾಯಿ ಪಟ್ಟಿ ಓದುತ್ತಾ, ಒಂದೊಂದನ್ನೂ ಒಪ್ಪಿಸುತ್ತಾ, ಅವನ ಕೈಲಿ ಸಹಿ ಹಾಕಿಸುತ್ತಾ ಹೋದರು. ಬಳೆಯ ಗಂಟು ಕಂಡದ್ದೇ ಅವನು ಪೆನ್ನು ಎಸೆದ.

"ನನ್ನ ಬಂಗಾರದ ಬಳಿ ಎಲ್ಲಿ ಅವ? ಇವು ನಕಲಿ ಅವ! ನೀವು ಬದ್ಲಿ ಮಾಡೀರಿ. ನಾ ಈಗೇ ಪೊಲೀಸ್ ಠಾಣಾಕ್ಕ ಹೋಗತೀನಿ!"

ಗಂಟಿನ ಹೊಲಿಗೆಯನ್ನೇ ಇನ್ನೂ ಬಿಚ್ಚಿರಲಿಲ್ಲ. ಸಿಸ್ಟರ್‌ಬಾಯಿ ಅದನ್ನೆತ್ತಿ ಅವನ ಮುಂದೆ ಹಿಡಿದರು.

"ನಡೀ, ನಾನೂ ಬರತೀನಿ. ಗಂಟಿನ ಮ್ಯಾಲೆ ಪಂಚರ ಸಹಿ ಅದ. ಬೇಲಿಫ್ ಸಾಹೇಬರ ಕಾಗದದಾಗ ಹಳದಿ ಲೋಹ ಅಂತ ಅದ. ಗಂಟು ಬಿಚ್ಚದೇ ಒಳಗ ನಕಲಿ ಅದ ಅಂತ ನಿನಗ ಹೆಂಗ ಗೊತ್ತಾಯ್ತು, ಅದನ್ನ ಅಲ್ಲಿ ಹೇಳು."

ಆಳುಗಳು ಮುಖ ಮುಖ ನೋಡಿಕೊಂಡರು. ಆಗ ಅವನ ಹೆಂಡತಿ ಮುಂದೆ ಬಂದು, ಗಂಟನ್ನು ತೆಗೆದುಕೊಂಡು, ಹಲ್ಲಿನಿಂದ ಹೊಲಿಗೆ ಕಚ್ಚಿ ಬಿಚ್ಚಿ, ಬಳೆಗಳನ್ನು ಒಂದೊಂದು ಕೈಗೆ ಏರಿಸಿಕೊಂಡಳು. "ಇವೇ ನಮ್ಮವು. ಸುಮ್ನ ಸಹಿ ಮಾಡ್ರಿ" ಎಂದು ಗಂಡನಿಗೆ ಹೇಳಿದಳು. ಅವನು ಬಗ್ಗಿ ಪೆನ್ನು ಹುಡುಕಿದ. ಟೆಂಪೊ ಹೊರಡುವಾಗ ಸಿಸ್ಟರ್‌ಬಾಯಿ ಆಕೆಯನ್ನು ಕೇಳಿದ್ದು ಒಂದೇ: ಇವತ್ತಿನ ಗುಳಿಗೆ ನುಂಗಿದೆಯಾ ಎಂದು. ಆಕೆ ತಲೆಯಾಡಿಸಿದಳು.

ಆ ಮನೆಯಲ್ಲಿ ಸಿಸ್ಟರ್‌ಬಾಯಿ ನಾಲ್ಕು ವರ್ಷ ಬದುಕಿದರು. ಬಾಡಿಗೆಗೆ ಕೊಡುವ ಯೋಚನೆ ಬಿಟ್ಟು ತಾವೇ ಇದ್ದರು. ನಾನು ಹೋದಾಗಲೆಲ್ಲ ಬಾಗಿಲನ್ನು ತಾವೇ ಬಂದು ತೆರೆಯಬೇಕು, ಬೇರೆ ಯಾರೂ ತೆರೆಯಕೂಡದು. ಹೋದ ವರ್ಷ ಎದೆನೋವು ಬಂದು, ತಾವು ಕೆಲಸ ಮಾಡಿದ್ದ ಆಸ್ಪತ್ರೆಯಲ್ಲಿಯೇ ತೀರಿಕೊಂಡರು. ಊರಿನಿಂದ ಅಣ್ಣನ ಮಗ ಬಂದ. ನಮ್ಮ ಪದ್ಧತಿಯಂತೆ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಅವರ ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡಿದೆವು.

ಮನೆಯ ಸಾಮಾನನ್ನು ಅಣ್ಣನ ಮಗನಿಗೆ ಒಪ್ಪಿಸುವ ಕೆಲಸಕ್ಕೆ ಅವರು ಮೊದಲೇ ನನ್ನ ಹೆಸರು ಬರೆದಿಟ್ಟಿದ್ದರು. "ಅಕ್ಕಾ, ಇಷ್ಟೆಲ್ಲ ಬರೀಬೇಕೇನ್ರಿ? ನನಗ ನಿಮ್ಮ ಮ್ಯಾಲೆ ಭರವಸಾ ಅದರಿ" ಎಂದ ಅವನು. ಬರೆಯಲೇಬೇಕು ಎಂದೆ. ಪಕ್ಕದ ಮನೆಯ ಇಬ್ಬರನ್ನು ಕೂರಿಸಿಕೊಂಡು, ಬ್ಯಾಂಡೇಜ್ ದಾರದ ಪೆನ್ನನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಶುರು ಮಾಡಿದೆ. ಚಾದರ ಆರು. ರೊಟ್ಟಿ ಡಬ್ಬಿ ಒಂದು. ಮೊಣಕಾಲು ಪಟ್ಟಿ ಎರಡು. ಸಂಜೆಯ ಹೊತ್ತಿಗೆ ಅವರ ಕರಡಿಗೆ ಕೈಗೆ ಬಂತು. ಅದು ಯಾವ ಊರಿನಲ್ಲಿ, ಯಾರ ಎದುರು ಕೂತು, ಯಾವ ದುಡ್ಡಿನಲ್ಲಿ ಮಾಡಿಸಿದ್ದು ಎಂದು ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಆ ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಕಣ್ಣು ಒರೆಸಿಕೊಂಡು, ಮುಚ್ಚಳ ತೆಗೆದು ನೋಡಿ, ಕಂಡದ್ದಷ್ಟನ್ನೇ ಬರೆದೆ: ಬಿಳಿ ಲೋಹದ ಕರಡಿಗೆ ಒಂದು. ಒಳಗೆ ಏನೂ ಇಲ್ಲ.