ಮೊಲದ ಗೂಡು, ಪೊರಕೆ ಕಡ್ಡಿ

ಮೊಮ್ಮಗಳಿಗೆ ಮೊಲ ಕೊಟ್ಟದ್ದು ತರೀಕೆರೆಯಲ್ಲಿರುವ ನನ್ನ ಮಗಳ ಗೆಳತಿ. ಬಿಳಿ ಮೊಲ, ಬಲಗಿವಿಯ ತುದಿ ಮಾತ್ರ ಬೂದಿ ಬಣ್ಣ. ರಟ್ಟಿನ ಡಬ್ಬದಲ್ಲಿ ಕೂತು ಬಸ್ಸಿನಲ್ಲಿ ಕಡೂರಿಗೆ ಬಂತು. ನಮ್ಮ ಮನೆಗೆ ಏನೇ ಬಂದರೂ ಅದಕ್ಕೊಂದು ಜಾಗ, ಒಂದು ಹೊತ್ತು ಗೊತ್ತುಮಾಡುವುದು ನನ್ನ ಅಭ್ಯಾಸ. ನಾನು ಬೆಳೆದದ್ದು ಹಾಸ್ಟೆಲಿನಲ್ಲಿ, ಆಮೇಲೆ ದುಡಿದದ್ದೂ ಅಜ್ಜಂಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ಒಬ್ಬ ಹುಡುಗಿಗೆ ಒಂದು ಮಂಚ, ಮಂಚದ ಕೆಳಗೆ ಒಂದು ಟ್ರಂಕು. ಅಷ್ಟೇ ಜಾಗದಲ್ಲಿ ಓದಿ ಮುಂದೆ ಬಂದವರನ್ನು ಕಂಡಿದ್ದೇನೆ. ಹಾಗಾಗಿ ಮಾರನೆಯ ದಿನವೇ ಪೇಟೆಗೆ ಹೋಗಿ ಮೊಲಕ್ಕೊಂದು ಗೂಡು ತಂದೆ.

ಮರದ ಚೌಕಟ್ಟು, ಮುಂದೆ ತಂತಿಬಲೆ, ಮೇಲೆ ಹಸಿರು ಬಣ್ಣದ ಇಳಿಜಾರು ಮಾಡು. ಸುತ್ತಿದ್ದ ರಟ್ಟಿನ ಮೇಲೆ ಅದೇ ಗೂಡಿನೊಳಗೆ ಕೂತ ಮೊಲದ ಚಿತ್ರ.

“ಇಷ್ಟು ಸಾಕಾಗುತ್ತೇನಪ್ಪಾ?” ಎಂದು ಅಂಗಡಿಯವನನ್ನು ಕೇಳಿದೆ.

“ಮೊಲಕ್ಕೆ ಅಂತಲೇ ಮಾಡಿರೋದು ಕಣಮ್ಮಾ. ಚಿತ್ರ ನೋಡಿ, ಒಳಗೇ ಕೂತೈತೆ.”

ಹಿರೇನಲ್ಲೂರಿನಲ್ಲಿ ನಮ್ಮ ತೆಂಗಿನ ತೋಟ ನೋಡಿಕೊಳ್ಳುವ ನನ್ನ ತಮ್ಮ ಅಂದು ಮನೆಯಲ್ಲಿದ್ದ. ಕೂತಿದ್ದ ಮೊಲವನ್ನು ಗೇಣು ಹಾಕಿ ಅಳೆದ, ಗೂಡನ್ನೂ ಅಳೆದ. “ಹಸೂಗೆ ಕೊಟ್ಟಿಗೇಲಿ ಎಷ್ಟು ಜಾಗ ಬಿಡ್ತೀವಿ? ಎದ್ದು ನಿಲ್ಲಕ್ಕೆ, ಮಲಗಕ್ಕೆ, ಕತ್ತು ತಿರುಗ್ಸಕ್ಕೆ. ಇದ್ರಲ್ಲಿ ಮೂರೂ ಆಯ್ತದೆ ಬಿಡಕ್ಕ. ಎಮ್ಮೆದೊಡ್ಡಿ ಕಾವಲಲ್ಲಿ ಮೇಯಕ್ಕೆ ಬಿಡಕ್ಕೆ ಇದೇನು ಅಮೃತಮಹಲ್ ಹೋರಿನಾ?”

ದನ ಕಟ್ಟಿದವರ ಮನೆಯಲ್ಲಿ ಹುಟ್ಟಿದವರಿಗೆ ಅದು ಒಪ್ಪುವ ಲೆಕ್ಕ. ನಾನೂ ಒಪ್ಪಿದೆ.

ಬೆಳಗ್ಗೆ ಗೂಡು ಗುಡಿಸಿ ಗರಿಕೆ ಹಾಕುವುದು, ಮಧ್ಯಾಹ್ನ ನೀರು ಬದಲಿಸುವುದು, ಸಂಜೆ ಮೊಮ್ಮಗಳು ಒಂದು ತುಂಡು ಕ್ಯಾರೆಟ್ ಕೊಡುವುದು. ಉಳಿದ ಹೊತ್ತೆಲ್ಲ ಮೊಲ ಕೂತಲ್ಲೇ ಕೂತಿರುತ್ತಿತ್ತು. ಶಿಸ್ತಿನ ಪ್ರಾಣಿ ಎಂದು ಮಗಳ ಹತ್ತಿರ ಹೊಗಳಿದ್ದೂ ಉಂಟು. ಆದರೆ ಕೆಲವು ವಾರಗಳಲ್ಲಿ ಅದು ತಂತಿ ಕಡಿಯಲು ಶುರುಮಾಡಿತು. ಹಾಕಿದ ಗರಿಕೆ ಹಾಗೇ ಬಾಡಿರುತ್ತಿತ್ತು. ಕೈಯಲ್ಲಿ ಹಿಡಿದರೆ ಬೆನ್ನಿನ ಮೂಳೆ ಸಿಗುತ್ತಿತ್ತು. ಹೊತ್ತಿಗೆ ಸರಿಯಾಗಿ ಎಲ್ಲ ನಡೆಯುತ್ತಿದ್ದರೂ ಯಾಕೆ ಹೀಗೆ ಎಂಬುದು ನನಗೆ ಹೊಳೆಯಲಿಲ್ಲ.

“ಅಮ್ಮ, ಇದು ಹಿಂಗೇ ಮಂಕಾಗಿದ್ರೆ ಭಾನುವಾರ ತರೀಕೆರೆಗೇ ವಾಪಸ್ ಕೊಟ್ಟು ಬತ್ತೀನಿ,” ಎಂದಳು ಮಗಳು. “ನಮ್ಮನೇಲೇ ಸತ್ತೋದ್ರೆ ಈ ಮಗೂನ ಸಮಾಧಾನ ಮಾಡೋರು ಯಾರು?”

ಮೊಮ್ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಗೂಡಿನ ಮುಂದೆ ಕೂತು ಊಟ ಮುಗಿಸಿದಳು. ಬಡಿಸಿದ ಮೇಲೆ ಜಾಗ ಬಿಟ್ಟು ಏಳಬಾರದೆಂಬುದು ನಾನೇ ಮಾಡಿದ ನಿಯಮ. ಅಂದು ನೀರಿನ ಲೋಟವನ್ನೂ ಅಲ್ಲಿಗೇ ಒಯ್ದುಕೊಟ್ಟೆ.

ಮತ್ತೆ ಅಂಗಡಿಗೆ ಹೋದೆ. “ಇದಕ್ಕಿಂತ ದೊಡ್ಡದು ಇಲ್ವೇನಪ್ಪಾ?”

“ತರಿಸ್ತಿದ್ದೆ ಕಣಮ್ಮಾ, ಯಾರೂ ಕೊಳ್ಳಲ್ಲ. ಮನೇಲಿ ಜಾಗ ಹಿಡಿತೈತೆ ಅಂತಾರೆ. ಎಲ್ರೂ ಇದನ್ನೇ ಒಯ್ಯೋದು. ನಿಮ್ಮ ಮೊಲ ಏನಾದ್ರೂ ಕಂಪ್ಲೇಂಟ್ ಹೇಳ್ತಾ?”

ಅವನ ಪಕ್ಕದಲ್ಲಿ ಅಂಥದೇ ಗೂಡಿನಲ್ಲಿ ಗಿನಿಪಿಗ್‌ಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅವೂ ಏನೂ ಹೇಳುತ್ತಿರಲಿಲ್ಲ. ಎಲ್ಲರೂ ಒಯ್ಯುತ್ತಾರೆಂದರೆ ಗೂಡು ಸರಿಯಿರಬೇಕು. ಗೂಡು ಸರಿಯಿದ್ದರೆ ಮೊಲಕ್ಕೆ ಏನಾಗಿದೆ? ದಾರಿಯುದ್ದಕ್ಕೂ ಇದನ್ನೇ ಯೋಚಿಸಿ, ಹಾಲು ತರುವುದನ್ನು ಮರೆತು ಮನೆಗೆ ಬಂದೆ.

ಶನಿವಾರ ಗೂಡು ತೊಳೆಯುವ ದಿನ. ಮೋಡ ಮುಸುಕಿ ಗೂಡಿನ ಮರ ಬೇಗ ಒಣಗುವಂತಿರಲಿಲ್ಲ. ಮೊಲವನ್ನು ಹಿಂದಿನ ಕಾಯಿಕೋಣೆಯಲ್ಲಿ ಬಿಟ್ಟು ಬಾಗಿಲು ಮುಂದೆಮಾಡಿದೆ. ಆ ಕೋಣೆಯ ಮೇಲರ್ಧ ಬಿದಿರು ಗಳುವಿನ ಅಟ್ಟ. ಕೊಬ್ಬರಿಯಾಗಲು ಕಾಯಿಗಳು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಕೆಳಗೆ ಬರಿಯ ಮಣ್ಣಿನ ನೆಲ.

ಅಡುಗೆ ಮುಗಿಸಿ ಬಂದು ನೋಡಿದರೆ ಮೊಲ ನೆಲದ ಮೇಲೆ ಪಕ್ಕಕ್ಕೆ ಬಿದ್ದಿತ್ತು. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ, ಹೊಟ್ಟೆಯೆಲ್ಲ ಕಾಣುವಂತೆ. ಸತ್ತಿತು ಎಂದುಕೊಂಡೆ. ಶನಿವಾರ ಶಾಲೆ ಬೇಗ ಬಿಡುತ್ತದೆ, ಮೊಮ್ಮಗಳು ಇನ್ನೇನು ಬರುತ್ತಾಳೆ. ಅವಳು ಬರುವ ಮೊದಲೇ ಬಟ್ಟೆ ಮುಚ್ಚಲೇ, ಅವಳಿಗೆ ತೋರಿಸಿಯೇ ಮಣ್ಣು ಮಾಡಲೇ? ಹಾಸ್ಟೆಲಿನಲ್ಲಿ ಎಷ್ಟೋ ಹುಡುಗಿಯರಿಗೆ ಊರಿನಿಂದ ಬಂದ ಕೆಟ್ಟ ಸುದ್ದಿ ಹೇಳಿದವಳು ನಾನೇ. ಬಗ್ಗಿ ಬೆನ್ನು ಮುಟ್ಟಿದೆ. ಮೊಲ ದಡಕ್ಕನೆ ಎದ್ದು ನನ್ನನ್ನೊಮ್ಮೆ ನೋಡಿ, ಗೋಡೆಯ ಉದ್ದಕ್ಕೂ ಓಡಿ, ಮೂಲೆಯಲ್ಲಿ ಗಾಳಿಯಲ್ಲೇ ತಿರುಗಿ ಹಾರಿತು. ಆಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ಹಾಗೇ ಕಾಲು ಚಾಚಿ ಮಲಗಿತು.

ಅಷ್ಟು ದಿನ ನಾನು ನೋಡಿದ್ದು ಮುದುರಿ ಕೂತ ಮೊಲವನ್ನು ಮಾತ್ರ. ಪೊರಕೆಯಿಂದ ಒಂದು ಕಡ್ಡಿ ಎಳೆದು, ಮಲಗಿದ ಮೊಲದ ಉದ್ದಕ್ಕೆ ಮುರಿದೆ. ಅಂಗಳಕ್ಕೆ ಹೋಗಿ ಗೂಡಿನೊಳಗೆ ಇಟ್ಟು ನೋಡಿದೆ. ಉದ್ದಕ್ಕೆ ಇಟ್ಟರೆ ಹಿಡಿಯಲಿಲ್ಲ, ಓರೆಯಾಗಿ ಇಟ್ಟರೂ ಬಾಗಿತು.

ಮಧ್ಯಾಹ್ನ ತಮ್ಮ ತೋಟದಿಂದ ಕಾಯಿ ತುಂಬಿದ ಟೆಂಪೊ ತಂದು ನಿಲ್ಲಿಸಿದ. “ಅಟ್ಟ ತುಂಬೈತೆ ಅಕ್ಕ. ಮಿಕ್ಕಿದ್ದು ಕೋಣೆ ನೆಲಕ್ಕೆ ಸುರಿಬೇಕು.”

“ಅಲ್ಲಿ ಬೇಡ ಕಣೋ. ನಡುಮನೇಲಿ ಸುರಿ.”

“ನಡುಮನೇಲಾ? ಚಪ್ಪಲಿ ಸೊಟ್ಟಗಿದ್ರೆ ಬಯ್ಯೋಳು ನೀನು. ಹುಷಾರಾಗಿದೀಯ ತಾನೆ?”

ಕಡ್ಡಿ ತೋರಿಸಿದೆ. ಅವನು ಗೂಡಿನೊಳಗೆ ತಾನೂ ಇಟ್ಟು ನೋಡಿದ, ತಲೆ ಕೆರೆದುಕೊಂಡ. “ಹಸು ಬೆಳಗಾದ್ರೆ ಮೇಯಕ್ಕೆ ಹೋಯ್ತದೆ, ಅಲ್ವಾ,” ಎಂದ. ಇಬ್ಬರೂ ಕೊಟ್ಟಿಗೆಯ ಲೆಕ್ಕ ಹಾಕಿ ಬಯಲನ್ನು ಬಿಟ್ಟಿದ್ದೆವು. ನನ್ನ ಹಾಸ್ಟೆಲಿನ ಹುಡುಗಿಯರೂ ಸಂಜೆಯ ಗಂಟೆ ಹೊಡೆದೊಡನೆ ಬಯಲಿಗೆ ಓಡುತ್ತಿದ್ದರು. ಆ ಗಂಟೆಯನ್ನೂ ನಾನೇ ಹೊಡೆಸುತ್ತಿದ್ದೆ. ಆದರೂ ಮಂಚವೊಂದೇ ನನ್ನ ನೆನಪಿನಲ್ಲಿ ಹೇಗೆ ಉಳಿಯಿತೋ ತಿಳಿಯದು.

ಕತ್ತಲಾಗುವ ಹೊತ್ತಿಗೆ ಮಗಳು ಕೆಲಸದಿಂದ ಬಂದು, ಕಾಯಿಯ ರಾಶಿ ಬಳಸಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಮೊಮ್ಮಗಳ ಸುತ್ತ ಮೊಲ ಓಡುತ್ತಿತ್ತು. ಗರಿಕೆಯ ತಟ್ಟೆ ಖಾಲಿಯಾಗಿತ್ತು.

“ಅಮ್ಮ, ನಾಳೆ ತರೀಕೆರೆಗೆ ಹೋಗ್ತೀವಾ?” ಎಂದು ಮಗು ತಲೆಯೆತ್ತದೆ ಕೇಳಿತು.

“ಏನ್ ಕೆಲ್ಸ ಐತೆ ಅಲ್ಲಿ?” ಎಂದು ಮಗಳು ಒಂದು ಕಾಯಿಯನ್ನು ಕಾಲಿನಿಂದ ಬದಿಗೆ ಸರಿಸಿ ಅಲ್ಲೇ ಕೂತಳು.

ಗೂಡು ಈಗಲೂ ಅಂಗಳದಲ್ಲಿದೆ. ಬೇರೆಯವರಿಗೆ ಕೊಡಲು ಮನಸ್ಸಿಲ್ಲ, ಒಡೆಯಲೂ ಮನಸ್ಸಿಲ್ಲ. ಅದರ ಜಾಗ ಯಾವುದೆಂದು ನನಗಿನ್ನೂ ಗೊತ್ತಾಗಿಲ್ಲ.